ಆರು ಮಂದಿ ಮನಿ, ತಿಂಗಳಿಗೆ 19 ಸಾವಿರ ಸಂತಿ ಖರ್ಚು: ನೀವೆಲ್ಲಾ ಹೆಂಗ ಇಳಸೀರಿ ಹೇಳ್ರಿ

ಗೋಕುಲ ರೋಡ್, ಹುಬ್ಬಳ್ಳಿಯಿಂದ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ಆರು ಮಂದಿ ಅದೀವಿ, ನಾವಿಬ್ರು, ಅತ್ತಿ ಮಾವ, ಇಬ್ರು ಹುಡುಗ್ರು. ಹೋದ ತಿಂಗಳ ಹಂಗ ಕುಂತು ಲೆಕ್ಕಾ ಹಾಕಿದ್ರ 19 ಸಾವಿರ ಆಗೇತ್ರಿ ಬರೇ ತಿನ್ನೂದಕ್ಕ. ಕಿರಾಣಿ ಎಂಟು ಸಾವಿರ ಚಿಲ್ರಿ, ಹಾಲು ಮೂರರ ಹತ್ರ, ಕಾಯಿಪಲ್ಯ ಹಣ್ಣು ಮೂರೂವರಿ, ಉಳದ ನಾಕೂವರಿ ಸಾವಿರ ಎಲ್ಲಿ ಹೋತು ಅಂದ್ರ ನನಗೂ ಗೊತ್ತಾಗವಲ್ದು ಮನಿಯವ್ರಿಗೂ ಗೊತ್ತಾಗವಲ್ದು, ಇಬ್ರೂ ಒಬ್ಬರ ಮ್ಯಾಲೆ ಒಬ್ಬರು ಹಾಕಿ ಕುಂತೀವಿ. ಯಾವ ಅಂಗಡಿ ಸೋವಿ ಅಂತ ಕೇಳಾಕತ್ತಿಲ್ರಿ, ನೀವು ಖರೇನ ಮಾಡಿ ಉಳಿಸಿದ್ದು ಏನರ ಇದ್ರ ಹೇಳ್ರಿ.

ನವನಗರದಿಂದ:

ತಂಗಿ, ಆ ನಾಕೂವರಿ ಸಾವಿರದ್ದ ಮೊದ್ಲ ಹುಡುಕು, ಉಳದದ್ದು ಆಮ್ಯಾಲೆ. ನಂದೂ ಹಿಂಗ ಆಗಿತ್ತು. ಒಂದು ತಿಂಗಳ ಪೂರ್ತಿ ಎಲ್ಲಾ ಚೀಟಿ, ಹಾಲಿನಾವಂದು, ಬೇಕರಿದು, ಫೋನಿನಾಗ ರೊಕ್ಕಾ ಕೊಟ್ಟಿದ್ದು, ಎಲ್ಲಾನೂ ಅಡಗಿಮನಿ ಕ್ಯಾಲೆಂಡರಿನ ಆ ತಾರೀಖಿನ ಚೌಕದಾಗ ಬರದ್ವಿ, ಮಗನ ಕಡೆಯಿಂದ ಬರಸ್ದೆ ಅಂದ್ರ ಸುಳ್ಳು ಬರಂಗಿಲ್ಲ ಅಂತ. ಅಮಾಸಿ ದಿನಾ ಕುಂತು ಕೂಡಿಸಿದ್ರ, ಹತ್ತು ಮಿನಿಟಿನಾಗ ಮನಿಗೆ ತಂದು ಕೊಡ್ತಾರಲ್ಲ ಆ ಆ್ಯಪಿನಾಗ ಒಂದು ತಿಂಗಳಿಗೆ 23 ಸಲ ತರಿಸೀವಿ! ಕೊತ್ತಂಬರಿ ಬೇಕಾಗಿತ್ತು, ಹತ್ತು ರೂಪಾಯಿದು. ಬರೇ ಕೊತ್ತಂಬರಿ ತರಿಸಿದ್ರ ಡೆಲಿವರಿ ಚಾರ್ಜ್ ಬೀಳ್ತೈತಿ ಅಂತ ಒಂದು ಚಿಪ್ಸು, ಒಂದು ಬಿಸ್ಕೀಟು, ಒಂದು ಐಸ್‌ಕ್ರೀಂ ಕೂಡಿಸಿ 212 ರೂಪಾಯಿ ಮಾಡಿದ್ವಿ. ಡೆಲಿವರಿ ಫ್ರೀ ಆತ್ರಿ, ಭಾರಿ ಉಳೀತು! ಕೊತ್ತಂಬರಿ ಮಾತ್ರ ಮರದಿನಾ ಬಾಡಿತ್ತು.

ಈಗ ಫ್ರಿಜ್ಜಿನ ಬಾಗಲಾ ಮ್ಯಾಲೆ ಒಂದು ಹಾಳಿ ಹಚ್ಚೀವಿ. ಏನು ಮುಗದ್ರೂ ಅದರಾಗ ಬರೀಬೇಕು, ವಾರಕ್ಕ ಎರಡು ಸಲಾನ ತರೂದು, ಬುಧವಾರ ಮತ್ತ ರವಿವಾರ. ನಡುವ ಮುಗೀತು ಅಂದ್ರ ಅದಿಲ್ದ ಅಡಗಿ. ಮೊದಲ ಹದಿನೈದು ದಿನಾ ಮನ್ಯಾಗ ಎಲ್ಲಾರೂ ಮಾರಿ ಗಂಟು ಹಾಕ್ಕೊಂಡಿದ್ರು, ಆಮ್ಯಾಲೆ ರೂಢಿ ಆತು.

ಎರಡನೇದು ಜ್ವಾಳ. ನಮ್ಮಲ್ಲಿ ಐದು ಮಂದಿಗೆ ಒಂದು ಹೊತ್ತು ರೊಟ್ಟಿ ಆಗಬೇಕು, ತಿಂಗಳಿಗೆ 18-20 ಕೆಜಿ ಬೇಕಾಗ್ತೈತಿ. ಮೊದ್ಲ ಎರಡೆರಡು ಕೆಜಿ ಹಿಟ್ಟಿನ ಪಾಕೀಟ ತರ್ತಿದ್ದೆ. 2022ರ ಜುಲೈದಿಂದ ಪಾಕೀಟ ಮಾಡಿ ಲೇಬಲ್ ಹಚ್ಚಿದ ಕಾಳು, ಬ್ಯಾಳಿ, ಹಿಟ್ಟಿಗೆ, 25 ಕೆಜಿತನಾ, ನೂರಕ್ಕ ಐದು ಜಿಎಸ್‌ಟಿ ಐತಿ, ಬಿಡಿಯಾಗಿ ಲೂಸ್ ಮಾರೂದಕ್ಕ ಇಲ್ಲ. ಅದಕ್ಕ ನೋಡ್ರಿ ಅಕ್ಕಿ ಚೀಲ ಕೆಲವು ಕಡೆ 26 ಕೆಜಿದು ಬರಾಕತ್ತಾವು, ಆ ಒಂದು ಕೆಜಿ ಯಾಕ ಜಾಸ್ತಿ ಅಂತ ನಾ ಭಾಳ ದಿನಾ ತಲಿ ಕೆಡಿಸ್ಕೊಂಡಿದ್ದೆ. ಆದ್ರ ಟ್ಯಾಕ್ಸಿಗಿಂತಾ ಪಾಕೀಟ ಮಾಡಿದ್ದಕ್ಕ, ಬೀಸಿದ್ದಕ್ಕ, ಹೆಸರಿಗೆ ಕೊಡೂದ ಹೆಚ್ಚು.

ಈಗ ನಾವು ಮೂರು ಮನಿಯವ್ರು, ನಾನು, ನಮ್ಮ ನೆಗೆಣ್ಣಿ, ಬಾಜೂಮನಿ ವೈನಿ ಕೂಡಿ ಸುಗ್ಗಿ ಮುಗಿಯೂದ್ರಾಗ, ಅಂದ್ರ ಹಿಂಗಾರಿ ಬಿಳಿಜ್ವಾಳ ಬರೂ ಮಾರ್ಚ್ ಏಪ್ರಿಲ್ ಹೊತ್ತಿಗೆ, ಚೀಲಗಟ್ಲೆ ತಗೋತೀವಿ. ನವಲಗುಂದ ಕಡೆ ಗುರುತಿನ ರೈತರು ಒಬ್ರು ಅದಾರ, ಅವ್ರು ಕಾಳು ತೋರಿಸ್ತಾರ, ನಾವು ಬಾಯಾಗ ಹಾಕ್ಕೊಂಡು ಕಡದು ನೋಡ್ತೀವಿ, ಕಟ್ ಅಂದ್ರ ಒಣಗೇತಿ, ಮೆತ್ತಗ ಹತ್ತಿದ್ರ ಬ್ಯಾಡ.

ಇಲ್ಲೊಂದು ಪೆಟ್ಟು ತಿಂದದ್ದು ಹೇಳ್ಬೇಕು. ಮೊದಲ ವರ್ಷ ಜ್ವಾಳ ಎರಡು ದಿನಾ ಮಾಳಗಿ ಮ್ಯಾಲೆ ಒಣಾ ಹಾಕಿದ್ವಿ, ಎರಡನೇ ದಿನಾ ಸಂಜಿಮುಂದ ಮಳಿ ಮಾಡ ಆತು ಅಂತ ಗಡಬಡಿಸಿ ಬಿಸಿಬಿಸಿ ಕಾಳನ್ನ ಪೀಪಾಯಿಗೆ ಸುರುವಿ ಮುಚ್ಚಳ ಬಿಗದ್ವಿ. ಶ್ರಾವಣದಾಗ ತಗದ್ರ ಮೇಲಿನ ಒಂದು ಮೊಳ ಗಂಟು ಗಂಟಾಗಿ ಹಸರು ಹಿಡದೇತಿ, ಕೈ ಹಾಕಿದ್ರ ಒಳಗ ಬೆಚ್ಚಗ, ಹುಳಾ ತೋಳಿನ ಮ್ಯಾಲೆ ಹರದಾಡಾಕತ್ವು. ಬಿಸಿ ಕಾಳು ಡಬ್ಬಿಯೊಳಗ ಬೆವರ್ತೈತ್ರಿ, ಆ ನೀರು ಅಲ್ಲೇ ಮೇಲಿನ ಕಾಳಿಗೆ ಇಳೀತೈತಿ. ನಲವತ್ತು ಕೆಜಿ ಜ್ವಾಳ ಹೋತು. ಹಸರು ಹಿಡದದ್ದನ್ನ ದನಕ್ಕೂ ಹಾಕಬ್ಯಾಡ್ರಿ ಅಂದ್ರು ಡಾಕ್ಟರು, ತಿಪ್ಪಿಗೆ ಹಾಕಿದ್ವಿ. ಆ ವರ್ಷ ಉಳಿಸಿದ್ದು ಏನೂ ಇಲ್ಲ, ಕಳಕೊಂಡದ್ದ ಹೆಚ್ಚು. ಈಗ ಬಿಸಿಲಿಗೆ ಹಾಕಿದ್ದನ್ನ ಒಳಗ ತಂದು ಒಂದು ರಾತ್ರಿ ಚಾಪಿ ಮ್ಯಾಲೆ ಆರಿಸಿ, ಕೈಗೆ ತಣ್ಣಗ ಹತ್ತಿದ ಮ್ಯಾಲೆ ತುಂಬ್ತೀವಿ, ನಡುನಡುವ ಒಣಗಿದ ಬೇವಿನ ತಪ್ಪಲಾ. ಹಸಿ ತಪ್ಪಲಾ ಹಾಕಬ್ಯಾಡ್ರಿ ಮತ್ತ, ಅದೂ ನೀರ. ನಮ್ಮ ಅವ್ವನ ತವರಾಗ ಹಗೇವು ಇದ್ವು, ಯರಿ ನೆಲದಾಗ ತಗ್ಗು ತಗದು ವರ್ಷಗಟ್ಲೆ ಜ್ವಾಳ ಇಡ್ತಿದ್ರು, ನಮಗ ಒಂದು ಪೀಪಾಯಿ ಸಂಭಾಳಿಸಾಕ ಬರಲಿಲ್ಲ ಅಂತ ಆಕಿ ಈಗೂ ನಗ್ತಾಳ.

ಬೀಸಿಕೊಂಡು ಬರೂದು ಎಂಟು ದಿನಕ್ಕ ಆಗೂವಷ್ಟ. ಹಳೇ ಜ್ವಾಳದ ಹಿಟ್ಟಿಗೆ ಜಿಗಿ ಹೋಗ್ತೈತಿ, ಬಡಿಯೂಮುಂದ ಅಂಚು ಹರೀತಾವು, ಆಮ್ಯಾಲೆ ಗೋದಿಹಿಟ್ಟು ಕೂಡಸಾಕ ಹೋಗ್ತೀರಿ. ಗಿರಣಿಗೆ ಹೋಗೂದು ನಮ್ಮ ಮನಿಯವ್ರ ಡ್ಯೂಟಿ, ಇದನ್ನ ಮೊದಲ ದಿನಾನ ಖಡಕ್ ಹೇಳಿಬಿಡ್ರಿ.

ವಿದ್ಯಾನಗರದಿಂದ:

ಅಕ್ಕಾರ, ನೀವು ಹೇಳಿದ್ದೆಲ್ಲಾ ಖರೇ ಆದ್ರ ನಾನೂ ಅವ್ರೂ ಇಬ್ರೂ ಮುಂಜಾನೆ ಎಂಟೂವರಿಗೆ ಮನಿ ಬಿಡ್ತೀವಿ, ಜ್ವಾಳ ಒಣಾ ಹಾಕಿ ಕಾಗಿ ಓಡಿಸ್ಕೋತ ಕುಂಡ್ರೋರು ಯಾರು? ನಾನಂತೂ ಓಣ್ಯಾಗ ರೊಟ್ಟಿ ಮಾಡಿ ಮಾರೂ ಅಕ್ಕಾರ ಕಡೆ ಕಟಕ ರೊಟ್ಟಿ ನೂರು ನೂರು ತಗೊಂಡು ಡಬ್ಬಿಗೆ ಹಾಕಿಡ್ತೀನಿ, ತಿಂಗಳಾದ್ರೂ ಏನಾಗಂಗಿಲ್ಲ. ಲೆಕ್ಕಕ್ಕ ತುಟ್ಟಿ ಅನ್ನಸ್ತೈತಿ. ಆದ್ರ ಮನ್ಯಾಗ ರೊಟ್ಟಿ ಡಬ್ಬಿ ತುಂಬಿದ್ರ ರಾತ್ರಿ ಒಂಬತ್ತಕ್ಕ ಯಾರೂ ಫೋನ್ ತಗದು ಪಾರ್ಸಲ್ ಅನ್ನಂಗಿಲ್ಲ, ನಂದು ಉಳದದ್ದ ಅಲ್ಲಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ರವಿವಾರ ಕುಟ್ಟಿಟ್ಟಿದ್ದು ಇರ್ತಾವು, ಮೊಸರು ಇದ್ರ ಊಟ ಆತು.

ಧಾರವಾಡ ಸಪ್ತಾಪುರದಿಂದ:

ರಿಟೈರ್ ಆದಮ್ಯಾಲೆ ಸಂತಿ ನನ್ನ ಕೈಗೆ ಬಂದೈತ್ರಿ, ಮೊದ್ಲ ಅಂಗಡಿಯವ್ರು ಕೊಟ್ಟಿದ್ದು ತರ್ತಿದ್ದೆ, ಈಗ ಕನ್ನಡಕ ತಗೊಂಡು ಹೋಗ್ತೀನಿ. ಯಾಕಂದ್ರ ಪಾಕೀಟಿನ ಮ್ಯಾಲೆ ಸಣ್ಣ ಅಕ್ಷರದಾಗ ಒಂದು ಗ್ರಾಮಿಗೆ ಇಲ್ಲಾ ಒಂದು ಎಂಎಲ್‌ಗೆ ಎಷ್ಟು ಅಂತ ಬರದಿರ್ತಾರ, ಈಗ ಕಡ್ಡಾಯ ಮಾಡ್ಯಾರ, ಅದನ್ನ ಯಾರೂ ನೋಡಂಗಿಲ್ಲ. ಹೋದ ತಿಂಗಳ ಎಣ್ಣಿ ಪಾಕೀಟ ಎರಡು ಬಾಜೂ ಬಾಜೂ ಇಟ್ಟಿದ್ರು, ಒಂದು 152, ಇನ್ನೊಂದು 135. ಕೈ ತಾನಾಗೇ 135ಕ್ಕ ಹೋತು. ತಿರುವಿ ನೋಡಿದ್ರ 152ರದ್ದು ಪೂರಾ ಲೀಟರು, 910 ಗ್ರಾಂ. 135ರದ್ದು 750 ಗ್ರಾಂ ಅಷ್ಟ! ಮೇಲಿಂದ ಎರಡೂ ಒಂದ ಎತ್ತರ, ಒಂದ ಉಬ್ಬು. 910ರ ಲೆಕ್ಕಕ್ಕ ತಂದ್ರ ಆ ಸೋವಿದು 164 ರೂಪಾಯಿ ಬೀಳ್ತೈತಿ, ಅಂದ್ರ ಹದಿನೇಳು ರೂಪಾಯಿ ಕಡಿಮಿ ಅಂತ ತಗೊಂಡದ್ದು ಹನ್ನೆರಡು ರೂಪಾಯಿ ತುಟ್ಟಿ. ಸೋಪು, ಟೂತ್‌ಪೇಸ್ಟ್, ತಲಿಗೆ ಹಚ್ಚೂ ಎಣ್ಣಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 18ರಿಂದ 5ಕ್ಕ ಇಳದೈತಿ, ಹಳೇ ರೇಟಿನಾಗ ಕೊಡಾಕ ಬಂದ್ರ ಕೇಳ್ರಿ. ಕೇಳಾಕ ನಾಚ್ಕಿ ಎದಕ್ಕ?

ಒಂದರ ಮ್ಯಾಲೆ ಒಂದು ಫ್ರೀ ಅಂದ ಕೂಡ್ಲೆ ಒಬ್ರು ಎಂಟು ಸಾಸ್ ಬಾಟ್ಲಿ ತಂದಿದ್ರು ನಮ್ಮ ಮನಿಗೆ. ಯಾರು ಅಂತ ಹೇಳಂಗಿಲ್ಲ, ಮನ್ಯಾಗ ಓದ್ತಾರ.

ಗದಗ ಬೆಟಗೇರಿಯಿಂದ:

ನಮ್ಮಂಥಾ ನೇಕಾರ ಮನಿಗೆ ಚೀಲಗಟ್ಲೆ ತಗೊಳ್ಳಾಕ ಒಮ್ಮೆಲೆ ಎಂಟು ಹತ್ತು ಸಾವಿರ ಎಲ್ಲಿಂದ ಬರಬೇಕ್ರಿ, ವಾರದ ಪಗಾರ ವಾರಕ್ಕ ಮುಗೀತೈತಿ. ಉದ್ರಿ ಅಂಗಡಿಯವ್ರು ರೇಟು ಹೆಚ್ಚಿಗಿ ಹಾಕಿದ್ರೂ ಸುಮ್ಮ ತಗೋಬೇಕು, ಉದ್ರಿ ಐತಲ್ಲ. ನಾ ಮಾಡಿದ್ದು ಮೊದ್ಲ ಉದ್ರಿ ಹರದದ್ದು. ಸ್ವಸಹಾಯ ಸಂಘದಾಗ ಸಾಲಾ ಎತ್ತಿ ಅಂಗಡಿ ಬಾಕಿ ಪೂರ್ತಿ ಕೊಟ್ಟೆ, ಆಮ್ಯಾಲೆ ಯಾವ ಅಂಗಡ್ಯಾಗ ಬೇಕಾದ್ರೂ ನಗದಿ ಕೊಟ್ಟು ಕೇಳೂ ಧೈರ್ಯ ಬಂತು. ಅದಾದಮ್ಯಾಲೆ ವಾರಾ ನೂರೈವತ್ತು ರೂಪಾಯಿ ಅರಿಶಿಣ ಡಬ್ಬಿಯಾಗ ಬೇರೆ ಇಡ್ತೀನಿ, ಹೆಸರು ಸುಗ್ಗಿ ಬರೂ ಹೊತ್ತಿಗೆ, ಗಣಪತಿ ಹಬ್ಬದ ಹಿಂದ ಮುಂದ, ಐದಾರು ತಿಂಗಳಿಗೆ ಆಗೂವಷ್ಟು ಹೆಸರು ಕಾಳು ತಗೋತೀನಿ. ಕಡ್ಲಿ ಮಾರ್ಚ್ ಹೊತ್ತಿಗೆ. ಗದಗ, ರೋಣ, ನರಗುಂದ ಕಡೆಯದ ಮಾಲು, ಅದನ್ನ ಪಾಕೀಟಿನಾಗ ಬ್ಯಾರೆ ಊರಿಂದ ತಿರುಗಿ ಬಂದಮ್ಯಾಲೆ ಯಾಕ ತಗೋಬೇಕು?

ವಾರದಾಗ ಮೂರು ದಿನಾ ಮೊಳಕಿಕಾಳ ಪಲ್ಯ, ಹೆಸರು ಒಂದಿನ, ಮಡಕಿ ಒಂದಿನ, ಕಡ್ಲಿ ಒಂದಿನ. ಒಂದು ದಿನಾ ಝುಣಕ. ಉಳದ ದಿನಾ ತಪ್ಪಲ ಪಲ್ಯ, ಪುಂಡಿ, ರಾಜಗಿರಿ, ಮೆಂತೆ, ಯಾವುದು ಸೋವಿ ಅದು. ಸಂತಿಗೆ ಏಳು ಗಂಟೆ ಮ್ಯಾಲೆ ಹೋಗ್ರಿ, ತಪ್ಪಲಾ ಮಾರೂ ಅಜ್ಜಿ ಮನಿಗೆ ಹೋಗೂ ಗಡಿಬಿಡ್ಯಾಗ ಇರ್ತಾಳ, ನಾಕು ಸೂಡು ಎರಡರ ರೇಟಿಗೆ ಕೊಡ್ತಾಳ. ಅದರಾಗೂ ಮತ್ತ ಚೌಕಾಶಿ ಮಾಡಬ್ಯಾಡ್ರಿ, ಆಕಿನೂ ನಮ್ಮಂಗ. ರೇಷನ್ ಅಕ್ಕಿ ಊಟಕ್ಕ ಸೇರಂಗಿಲ್ಲ ಅಂತ ಹುಡುಗ್ರು ಅಂತಾವು, ಅದನ್ನ ಉದ್ದಿನಬ್ಯಾಳಿ, ಮೆಂತೆಕಾಳು ಹಾಕಿ ರುಬ್ಬಿ ದ್ವಾಶಿ ಪಡ್ಡು ಮಾಡಿದ್ರ ಅವ ಹುಡುಗ್ರು ಎರಡು ಸಲ ಹಾಕಿಸ್ಕೋತಾವು. ನಾಷ್ಟಾದ ಬ್ರೆಡ್ಡು ಬಂದ್ ಆಗಿ ವರ್ಷ ಆತು.

ಬ್ಯಾಡಗಿಯಿಂದ:

ಖಾರದ ವಿಷಯ ಯಾರೂ ಎತ್ತಲೇ ಇಲ್ಲಲ್ರಿ, ಅದಕ್ಕ ಬರದೆ. ನೂರು ಗ್ರಾಂ ಪಾಕೀಟ ತಗೊಳ್ಳೋರು ಅದನ್ನ ಹತ್ತರಿಂದ ಗುಣಿಸಿ ಒಮ್ಮೆ ನೋಡ್ರಿ, ಆ ರೊಕ್ಕದಾಗ ಮೆಣಸಿನಕಾಯಿ ತಂದು ಮಸಾಲಿ ಹಾಕಿ ಕುಟ್ಟಿಸಿದ್ರೂ ಉಳೀತೈತಿ. ಜನವರಿಯಿಂದ ಮಾರ್ಚ್ ತನಾ ಹೊಸಾ ಮಾಲು ಬರ್ತೈತಿ, ವರ್ಷಕ್ಕಾಗೂವಷ್ಟು ಆವಾಗ ತಗೋರಿ. ಬ್ಯಾಡಗಿ ಕಾಯಿಗೆ 2011ರಾಗ ಜಿಐ ಮಾನ್ಯತೆ, ಅಂದ್ರ ಇದು ಈ ಕಡೆಯದ ಮಾಲು ಅನ್ನೂ ಸರಕಾರಿ ಗುರುತು, ಸಿಕ್ಕೈತಿ ಅಂತ ಎಲ್ಲಾ ಕೆಂಪು ಸುಕ್ಕಿನ ಕಾಯಿನೂ ಬ್ಯಾಡಗಿ ಅಂತ ಮಾರ್ತಾರ, ಹುಷಾರ್. ಡಬ್ಬಿ ಕಾಯಿ ದಪ್ಪ, ಗಿಡ್ಡ, ಬಣ್ಣ ಭಾಳ, ರೇಟೂ ಭಾಳ. ಕಡ್ಡಿ ಕಾಯಿ ಉದ್ದ, ತೆಳ್ಳಗ. ಮನಿ ಖಾರಕ್ಕ ಬರೇ ಡಬ್ಬಿ ಬ್ಯಾಡ, ಮುಕ್ಕಾಲು ಪಾಲು ಕಡ್ಡಿ, ಉಳದದ್ದಕ್ಕ ಗುಂಟೂರು ಕಾಯಿ ಕೂಡಸ್ರಿ. ಬ್ಯಾಡಗಿ ಬಣ್ಣ ಕೊಡ್ತೈತಿ, ಉರಿ ಕಡಿಮಿ, ಬರೇ ಅದನ್ನ ಹಾಕಿದ್ರ ಖಾರ ಹತ್ತವಲ್ದು ಅಂತ ಎರಡು ಚಮಚಾ ಹಾಕೋ ಕಡೆ ನಾಕು ಹಾಕ್ತೀರಿ. ಕಾಯಿ ಕಿವಿ ಹತ್ರ ಅಲುಗಾಡಸ್ರಿ, ಬೀಜ ಗಲಗಲ ಅನ್ಬೇಕು. ಅನ್ನಲಿಲ್ಲ ಅಂದ್ರ ಹಸಿ ಐತಿ, ನೀವು ನೀರಿಗೆ ರೊಕ್ಕಾ ಕೊಡಾಕತ್ತೀರಿ ಅಂತ ಅರ್ಥ.

ಗೋಕುಲ ರೋಡಿನಿಂದ, ಐದು ವಾರ ಆದಮ್ಯಾಲೆ:

ಎಲ್ಲಾರಿಗೂ ಥ್ಯಾಂಕ್ಸ್‌ರಿ. ಕ್ಯಾಲೆಂಡರಿನ್ಯಾಗ ಬರದ್ವಿ, ನವನಗರದ ಅಕ್ಕಾರು ಹೇಳ್ದಂಗ ಮಗಳ ಕಡೆಯಿಂದ. ಆ್ಯಪಿಂದು 2,900 ಬಂತು, ಬೇಕರಿ ಸಾವಿರದ ಹತ್ರ, ಉಳದದ್ದು ಮನಿಯವ್ರು ಆಫೀಸಿಂದ ಬರೂಮುಂದ ತರೂ ಗಿರ್ಮಿಟ್ಟು ಮಿರ್ಚಿ. ಅವ್ರು ಈಗ ಮನ್ಯಾಗ ಚುರಮರಿ ಹಚ್ಚಾಕ ಕಲತಾರ, ಉಳ್ಳಾಗಡ್ಡಿ ಇಷ್ಟು ದಪ್ಪ ಹೆಚ್ಚಿರ್ತಾರ ಆದ್ರ ಹೋಗ್ಲಿ. ಈ ತಿಂಗಳ 15,400ಕ್ಕ ನಿಂತೈತಿ. ಹಾಲಿಂದು ಒಂದು ಪೈಸಾ ಇಳೀಲಿಲ್ಲ, 2025ರ ಏಪ್ರಿಲ್‌ದಾಗ ಲೀಟರಿಗೆ ನಾಕು ರೂಪಾಯಿ ಏರಿದಾಗಿಂದ ನಾ ಹೇಳಾಕತ್ತೀನಿ, ಮಾವನವ್ರು ಮಾತ್ರ ಮುಂಜಾನೆಯಿಂದ ನಾಕನೇ ಚಾ ಬಿಡಾಕ ಒಪ್ಪವಲ್ರು. ಅದನ್ನ ನಾನೂ ಕೇಳೂದು ಬಿಟ್ಟೆ, ಎಂಬತ್ತರ ಮುದುಕರು.

ಜ್ವಾಳದ್ದು ಇನ್ನೂ ಆಗಿಲ್ಲ. ಒಂದು ಚೀಲ ಪೂರ್ತಿ ಇಡಾಕ ನಮ್ಮ ಬಾಡಗಿ ಮನ್ಯಾಗ ಜಾಗಾ ಇಲ್ಲ, ಮಾಳಗಿನೂ ಮಾಲಕರ ಕಡೆ. ಗೋಕುಲ ರೋಡ್, ಅಕ್ಷಯ ಪಾರ್ಕ್ ಕಡೆ ಯಾರರ ಅರ್ಧಾ ಚೀಲ ತಗೊಳ್ಳೋರು ಇದ್ರ ಹೇಳ್ರಿ, ಮಾರ್ಚಿನಾಗ ಕೂಡಿ ತರಸೂಣು, ಒಣಾ ಹಾಕಾಕ ಮಾಳಗಿ ನಿಮ್ಮದು ಕೊಟ್ರ ಕಾಗಿ ಓಡಸಾಕ ನಮ್ಮ ಅತ್ತಿ ಬರ್ತಾರ.