ಗೇಮ್ ಆಡ್ತಿದ್ದಂಗೆ ಲ್ಯಾಪ್‌ಟಾಪ್ ಟಪ್ ಅಂತ ಆಫ್ ಆಯ್ತದೆ, ಮದರ್‌ಬೋರ್ಡ್ ಹೋಗೈತೆ ಅಂತವ್ರೆ, ನಿಜಾನಾ?

ಕಬ್ಬಿನಗದ್ದೆ_ಹುಡ್ಗ
ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರದ ಹತ್ರ ಹಳ್ಳಿ, ಮಂಡ್ಯದಲ್ಲಿ ಇಂಜಿನಿಯರಿಂಗ್ ಕೊನೆ ವರ್ಷ. 2021ರಲ್ಲಿ ಕಬ್ಬಿನ ದುಡ್ಡು ಬಂದಾಗ ಅಪ್ಪ ಕೊಡ್ಸಿದ್ ಗೇಮಿಂಗ್ ಲ್ಯಾಪ್‌ಟಾಪ್ ಇದು, ಐ7 10750ಎಚ್, ಜಿಟಿಎಕ್ಸ್ 1660 ಟಿಐ, 16 ಜಿಬಿ ರ್ಯಾಮ್. ಇಷ್ಟು ದಿನ ಏನೂ ತೊಂದ್ರೆ ಇರ್ಲಿಲ್ಲ, ಎರಡು ತಿಂಗಳಿಂದ ಜಿಟಿಎ 5 ಹಾಕುದ್ರೆ ಇಪ್ಪತ್ತು ನಿಮಿಷಕ್ಕೆ ಕೀಬೋರ್ಡ್ ಮೇಲೆ ಕೈ ಇಡಕ್ಕಾಗಲ್ಲ, ಫ್ಯಾನು ಬೋರ್‌ವೆಲ್ ಮೋಟ್ರು ಥರ ಕೂಗ್ತದೆ, ಆಮೇಲೆ ಟಪ್ ಅಂತ ಆಫು. ನೀಲಿ ಸ್ಕ್ರೀನ್ ಬರಲ್ಲ, ಎರರ್ ಬರಲ್ಲ. ಗೇಮ್ ಹೋದ್ರೆ ಹೋಗ್ಲಿ, ಪ್ರಾಜೆಕ್ಟ್‌ದು ಬ್ಲೆಂಡರ್ (3ಡಿ ಸಾಫ್ಟ್‌ವೇರ್) ರೆಂಡರ್ ಹಾಕುದ್ರೂ ಅದೇ ಕತೆ, ಸಬ್ಮಿಷನ್‌ಗೆ ಮೂರೇ ವಾರ ಐತೆ.

ಮೈಸೂರಲ್ಲಿ ಒಂದು ಅಂಗಡಿಗೆ ತಗೊಂಡೋದೆ, ಬಿಚ್ಚೂ ನೋಡ್ದೆ ಮದರ್‌ಬೋರ್ಡ್ ಹೋಗೈತೆ 18 ಸಾವಿರ ಆಯ್ತದೆ ಅಂದ್ರು. ಅಪ್ಪನ್ ಹತ್ರ ಈಗ ಆ ದುಡ್ಡು ಕೇಳೋ ಪರಿಸ್ಥಿತಿ ಇಲ್ಲ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕ್ದೆ, ಅದೇ ಗೋಳು. ಗೊತ್ತಿರೋರು ದಯವಿಟ್ಟು ಹೇಳಿ.

ಕುಕ್ಕರಹಳ್ಳಿ_ವಾಕರ್
ಗುರು ಮೊದ್ಲು 18 ಸಾವಿರದ ಯೋಚ್ನೆ ಬಿಡು. ಬಿಚ್ಚಿ ನೋಡ್ದೇನೇ ಬೋರ್ಡ್ ಹೋಗಿದೆ ಅಂತ ಹೇಳಕ್ಕೆ ಯಾರಿಗೂ ಆಗಲ್ಲ.

ವಿಂಡೋಸ್ ತನ್ನ ದಾಖಲೆ ಇಡೋ ಈವೆಂಟ್ ವ್ಯೂವರ್ ಓಪನ್ ಮಾಡಿ ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡು, ಆಫ್ ಆದ ಟೈಮಿಗೆ ಕರ್ನಲ್ ಪವರ್ 41 ಅಂತ ಇರುತ್ತೆ. ಅದನ್ನ ನೋಡಿ ಗಾಬರಿ ಆಗ್ಬೇಡ, ಸರಿಯಾಗಿ ಶಟ್‌ಡೌನ್ ಆಗ್ಲಿಲ್ಲ ಅನ್ನೋದು ಬಿಟ್ರೆ ಕಾರಣ ಅದ್ರಲ್ಲಿ ಇರಲ್ಲ. ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ (ವಿಂಡೋಸ್ ಕ್ರ್ಯಾಶ್ ಆದ್ರೆ ಬರ್ಕೊಳೋ ಎರರ್ ನಂಬರ್) 0 ಇದ್ರೆ ವಿಂಡೋಸ್‌ಗೆ ಎರರ್ ಬರ್ಕೊಳಕ್ಕೂ ಟೈಮ್ ಸಿಕ್ಕಿಲ್ಲ, ಪವರೇ ಕಟ್ ಆಗಿದೆ ಅಂತ. ಅಂದ್ರೆ ಒಂದೋ ಬಿಸಿ ತಡೀದೆ ತಾನೇ ಆಫ್ ಆಗಿರ್ಬೇಕು, ಇಲ್ಲಾ ಅಡಾಪ್ಟರ್ ಬ್ಯಾಟ್ರಿ ಕಡೆ ತೊಂದ್ರೆ ಇರ್ಬೇಕು.

ಇದೆರಡ್ರಲ್ಲಿ ಯಾವ್ದು ಅಂತ ಗೊತ್ತಾಗಕ್ಕೆ ಎಚ್‌ಡಬ್ಲ್ಯುಇನ್ಫೋ ಅನ್ನೋ ಟೆಂಪರೇಚರ್ ತೋರ್ಸೋ ಸಾಫ್ಟ್‌ವೇರ್ ಹಾಕೊಂಡು ಸೆನ್ಸರ್ಸ್ ವಿಂಡೋದಲ್ಲಿ ಲಾಗಿಂಗ್ ಆನ್ ಮಾಡಿ ಗೇಮ್ ಆಡು. ಆಫ್ ಆದ್ಮೇಲೆ ಆ ಸಿಎಸ್‌ವಿ ಫೈಲಿನ ಕೊನೇ ಸಾಲು ಏನಿದೆ ಅಂತ ಇಲ್ಲಿ ಹಾಕು. ಸಿಪಿಯು (ಪ್ರೊಸೆಸರ್) 70 ಡಿಗ್ರಿಲಿದ್ದಾಗ ಆಫ್ ಆಗಿದ್ರೆ ಬಿಸಿದಲ್ಲ ಪವರ್‌ದು, 100ರ ಹತ್ರ ಇದ್ರೆ ಬಿಸೀದೇ. ಇನ್ನೊಂದು, ಚಾರ್ಜರ್ ಹಾಕಿದ್ದಾಗ ಮನೇಲಿ ಕರೆಂಟ್ ಹೋದ್ರೆ ಲ್ಯಾಪ್‌ಟಾಪ್ ಬ್ಯಾಟ್ರಿ ಮೇಲೆ ನಡೆಯುತ್ತಾ?

ವಿವಿಮೊಹಲ್ಲಾ_ನೈಟ್‌ಶಿಫ್ಟ್
ಬ್ರೋ ಒಂದು ಕೂಲಿಂಗ್ ಪ್ಯಾಡ್ ತಗೋ, ನಂಗೆ 4-5 ಡಿಗ್ರಿ ಕಮ್ಮಿ ಆಯ್ತು. ಅದು ಬರೋವರ್ಗೂ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರೋದ್ನ 99 ಮಾಡು, ಟರ್ಬೋ (ಪ್ರೊಸೆಸರ್ ತಾನೇ ಸ್ಪೀಡ್ ಏರ್ಸ್ಕೊಳೋದು) ಆಫ್ ಆಗಿ ನಿನ್ ಪ್ರೊಸೆಸರ್ 2.6 ಗಿಗಾಹರ್ಟ್ಜ್ ದಾಟಲ್ಲ. ಸ್ಪೀಡ್ ಕಮ್ಮಿ ಆಗುತ್ತೆ, ಆದ್ರೆ ನಿನ್ ರೆಂಡರ್ ಮುಗಿಯೋ ಚಾನ್ಸ್ ಇದೆ.

ಕಬ್ಬಿನಗದ್ದೆ_ಹುಡ್ಗ
ಥ್ಯಾಂಕ್ಸ್ ಅಣ್ಣ. ಬಗ್‌ಚೆಕ್ 0 ಐತೆ. ಕೊನೇ ಸಾಲಲ್ಲಿ ಸಿಪಿಯು 99 ಡಿಗ್ರಿ, ಜಿಪಿಯು (ಗ್ರಾಫಿಕ್ಸ್ ಚಿಪ್) 86, ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ತಾನೇ ಸ್ಪೀಡ್ ಇಳ್ಸ್ಕೊಳೋದು) ಯೆಸ್ ಅಂತ ಐತೆ, ಫ್ಯಾನ್ ಎರಡೂ 4800 ಆರ್‌ಪಿಎಂ ಮೇಲೇ ತಿರುಗ್ತಾ ಅವೆ. ಕರೆಂಟ್ ಹೋದ್ರೆ ಆಫ್ ಆಗಲ್ಲ, ಬ್ಯಾಟ್ರಿ ಮೇಲೆ ನಡೀತದೆ. ಪ್ರೊಸೆಸರ್ ಸ್ಟೇಟ್ 99 ಮಾಡಿದ್ ಮೇಲೆ ರೆಂಡರ್ ಒಂದು ಗಂಟೆ ಓಡ್ತು ಆಮೇಲೆ ನಾನೇ ಹೆದ್ರಿ ನಿಲ್ಲಿಸ್ದೆ. ಫ್ಯಾನ್ ಸರಿಯಾಗಿ ತಿರುಗ್ತಾ ಇದ್ರೂ ಯಾಕಿಷ್ಟು ಬಿಸಿ?

ಬೆಂಚ್_ಮೇಲಿನ_ಬೋರ್ಡ್
ತಮ್ಮ, ನಾನು ಮಂಡ್ಯದಲ್ಲೇ ರಿಪೇರಿ ಕೆಲ್ಸ ಮಾಡೋನು, ಹನ್ನೊಂದು ವರ್ಷ ಆಯ್ತು. ಒಂದು ಸಣ್ ಪರೀಕ್ಷೆ ಮಾಡು. ಟಿಶ್ಯೂ ಪೇಪರ್‌ನ ಎರಡು ಬೆರಳಗಲ ಹರ್ಕೊಂಡು ಫ್ಯಾನ್ ಜೋರಾಗಿ ಕೂಗ್ತಿರುವಾಗ ಹಿಂದಿನ ಕಿಂಡಿ ಮುಂದೆ ಹಿಡಿ. ಪೇಪರ್ ಹಾರಾಡ್ಬೇಕು, ಕೈಗೆ ಬಿಸಿಗಾಳಿ ಹೊಡೀಬೇಕು. ಸುಮ್ನೆ ನೇತಾಡ್ತಾ ಇದ್ರೆ ಫ್ಯಾನ್ ತಿರುಗ್ತಿದೆ ಗಾಳಿ ಹೊರಗೆ ಹೋಗ್ತಿಲ್ಲ ಅಂತ ಅರ್ಥ. ಗದ್ದೆಗೆ ನೀರು ಬಿಟ್ಟು ತೂಬಲ್ಲಿ ಕಸ ಕಟ್ಕೊಂಡ್ರೆ ಮೋಟ್ರು ಎಷ್ಟು ಓಡಿದ್ರೇನು?

ಧೂಳು ಫ್ಯಾನಲ್ಲಿ ಕೂರೋದು ಕಮ್ಮಿ, ಫ್ಯಾನಿಗೂ ಹೀಟ್‌ಸಿಂಕ್‌ನ (ಚಿಪ್ ಬಿಸಿ ಎಳ್ಕೊಳೋ ಲೋಹದ ಭಾಗ) ತೆಳ್ಳಗಿನ ತಗಡುಗಳಿಗೂ ಮಧ್ಯೆ ಸಂದಿ ಇರ್ತದಲ್ಲ ಅಲ್ಲಿ ಕೂರ್ತದೆ, ಹೊರಗಿಂದ ನೋಡುದ್ರೆ ಕಾಣಲ್ಲ. ನಮ್ ಕಡೆ ಇನ್ನೂ ಒಂದು ಐತೆ, ಆಲೆಮನೆ ಬೂದಿ. ಕಬ್ಬಿನ ಸಿಪ್ಪೆ ಉರಿಸ್ತಾರಲ್ಲ ಆ ಕರಿ ಚಕ್ಕೆ ಕಿಟಕಿಯಿಂದ ಬಂದು ಒಳಗೆ ಸೇರ್ಕತದೆ. ನಿಮ್ಮನೆ ಹತ್ರ ಆಲೆಮನೆ ಐತಾ? ಕೂಲಿಂಗ್ ಪ್ಯಾಡ್‌ಗೆ ಈಗ್ಲೇ ದುಡ್ಡು ಹಾಕ್ಬೇಡ, ಹೊರಗೆ ಹೋಗೋ ದಾರಿ ಮುಚ್ಚಿರುವಾಗ ಕೆಳಗಿಂದ ಗಾಳಿ ಊದಿ ಏನ್ ಪ್ರಯೋಜ್ನ?

ಬಿಚ್ಚೋ ಧೈರ್ಯ ಇದ್ರೆ ಹೇಳ್ತೀನಿ ಕೇಳು. ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜರ್ ತೆಗಿ. ಸ್ಕ್ರೂ ಎಲ್ಲಾ ಒಂದೇ ಉದ್ದ ಇರಲ್ಲ, ಪೇಪರ್ ಮೇಲೆ ಚಿತ್ರ ಬರ್ದು ಯಾವ್ದು ಎಲ್ಲಿಂದು ಅಂತ ಅಲ್ಲೇ ಇಡು, ಉದ್ದಂದು ತಪ್ಪು ಜಾಗಕ್ಕೆ ಹಾಕಿ ಕೀಬೋರ್ಡ್ ತೂತು ಮಾಡ್ಕೊಂಡು ಬಂದೋರ್ನ ನೋಡಿದೀನಿ. ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಇರ್ಬೋದು. ಮುಚ್ಚಳ ಎಬ್ಸಕ್ಕೆ ಹಳೇ ಎಟಿಎಂ ಕಾರ್ಡ್ ಸಾಕು. ಒಳಗೆ ಮೊದಲ್ನೇ ಕೆಲ್ಸ ಬ್ಯಾಟ್ರಿ ಕನೆಕ್ಟರ್ ತೆಗಿಯೋದು. ಬ್ಯಾಟ್ರಿ ಉಬ್ಬಿದ್ರೆ ಅಲ್ಲಿಗೇ ನಿಲ್ಸು, ಒತ್ತಬ್ಯಾಡ, ನಂಗೆ ಹೇಳು.

ಬ್ಲೋಯರ್ ಹೊಡ್ಯೋವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊ, ಬಿಟ್ರೆ ಸಿಕ್ಕಾಪಟ್ಟೆ ತಿರುಗಿ ಬೇರಿಂಗ್ ಹೋಯ್ತದೆ. ಚಿಪ್‌ಗೂ ಹೀಟ್‌ಸಿಂಕ್‌ಗೂ ಮಧ್ಯೆ ಹಚ್ಚಿರೋ ಥರ್ಮಲ್ ಪೇಸ್ಟ್ 2021ರದೇ ಆದ್ರೆ ಒಣಗಿ ಪುಡಿ ಆಗಿರ್ಬೋದು, ಅದನ್ನೂ ಬದಲಾಯ್ಸು. ಹೀಟ್‌ಸಿಂಕ್ ಮೇಲೆ ಸ್ಕ್ರೂ ಪಕ್ಕ 1, 2, 3, 4 ಅಂತ ನಂಬರ್ ಇರ್ತದೆ, ಬಿಚ್ಚೋವಾಗ ದೊಡ್ಡ ನಂಬರಿಂದ ಹಿಂದಕ್ಕೆ ಬಾ, ಹಾಕೋವಾಗ 1ರಿಂದ ಶುರು ಮಾಡಿ ಎಲ್ಲಾ ಸ್ವಲ್ಪ ಸ್ವಲ್ಪವೇ ಬಿಗಿ ಮಾಡು. ಹಳೇ ಪೇಸ್ಟ್ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರ್ಸು. ಪಕ್ಕದ ಮೆಮೊರಿ ಚಿಪ್ ಮೇಲಿರೋ ಮೆತ್ತನೆ ಥರ್ಮಲ್ ಪ್ಯಾಡ್ ಹರಿಯದಂಗೆ ನೋಡ್ಕೊ, ಬೇರೆ ದಪ್ಪದ್ದು ಹಾಕುದ್ರೆ ಹೀಟ್‌ಸಿಂಕ್ ಚಿಪ್‌ಗೆ ಸರಿಯಾಗಿ ಕೂರಲ್ಲ.

ಕೈ ನಡುಗ್ತದೆ ಅನ್ಸುದ್ರೆ ಬಿಚ್ಚಬ್ಯಾಡ, ನನ್ ಬೆಂಚ್‌ಗೆ ತಂದ್ಬಿಡು, ಪೇಸ್ಟ್ ದುಡ್ಡು ಕೊಡು ಸಾಕು. ಓದೋ ಹುಡ್ಗನ್ ಕೆಲ್ಸ ನಿಲ್ಲಬಾರ್ದು.

ಕುಕ್ಕರಹಳ್ಳಿ_ವಾಕರ್
ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ, ಎಸಿ ರೂಮಲ್ಲಿ 22 ಡಿಗ್ರಿಲಿ ಟೆಸ್ಟ್ ಮಾಡಿರೋ ಯೂಟ್ಯೂಬ್ ವಿಡಿಯೋ ನೋಡಿ ನಂದು ಯಾಕೆ ಅಷ್ಟು ಬರ್ತಿಲ್ಲ ಅಂತ ಕೊರಗ್ಬೇಡ, ನಿಮ್ಮನೇಲಿ 36 ಇದ್ರೆ ಲೆಕ್ಕ ಅಲ್ಲಿಂದ್ಲೇ ಶುರು ಆಗೋದು. ಗೇಮ್‌ನ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 60 ಫ್ರೇಮ್‌ಗೆ ಲಾಕ್ ಮಾಡು, ಸುಮ್ನೆ 110 ಓಡ್ಸಿ ಬಿಸಿ ಯಾಕೆ ಮಾಡ್ಬೇಕು.

ಕಬ್ಬಿನಗದ್ದೆ_ಹುಡ್ಗ
ತಡವಾಗಿ ಬರೀತಾ ಇದೀನಿ, ಕ್ಷಮ್ಸಿ. ಟಿಶ್ಯೂ ಪರೀಕ್ಷೇಲಿ ಬಲಗಡೆ ಹಾರಾಡ್ತು, ಎಡಗಡೆ ಅಲ್ಲಾಡ್ಲೇ ಇಲ್ಲ. ಆಲೆಮನೆ ನಮ್ಮನೆಯಿಂದ ಕೂಗಳತೆ ದೂರ ಅಣ್ಣ, ನಾನು ಓದೋ ಟೇಬಲ್ಲು ಅದೇ ಕಡೆ ಕಿಟಕಿ ಕೆಳಗೆ.

ಭಾನುವಾರ ಅಣ್ಣನ್ ಬೆಂಚ್‌ಗೇ ತಗೊಂಡೋದೆ, ಪಕ್ಕದಲ್ಲಿ ಕೂರ್ಸ್ಕೊಂಡು ನನ್ ಕೈಲೇ ಬಿಚ್ಚುಸುದ್ರು. ಎಡಗಡೆ ಫ್ಯಾನ್ ತೆಗ್ದಾಗ ತಗಡಿನ ಬಾಯಿಗೆ ಕರೀ ಕಂಬಳಿ ತುಂಡು ಅಂಟ್ಸಿದಂಗೆ ಇತ್ತು, ಚಿಮ್ಟದಲ್ಲಿ ಎಳುದ್ರೆ ಬಿಡಿಬಿಡಿ ಆಗ್ದೆ ಒಂದೇ ಪೀಸ್ ಬಂತು, ಬೆಳಕಿಗೆ ಹಿಡುದ್ರೆ ಧೂಳು, ಕೂದ್ಲು, ನಡುನಡುವೆ ಹೊಳ್ಯೋ ಬೂದಿ ಚಕ್ಕೆ. ಪೇಸ್ಟ್ ಸಿಪಿಯು ಮೇಲೆ ಸೀಮೆಸುಣ್ಣದ್ ಥರ ಪುಡಿ ಆಗಿತ್ತು.

ಈಗ ಪ್ರೊಸೆಸರ್ ಸ್ಟೇಟ್ 99 ತೆಗ್ದು ಮತ್ತೆ 100 ಮಾಡಿದೀನಿ, 60 ಫ್ರೇಮ್ ಲಾಕಲ್ಲಿ ಒಂದೂವರೆ ಗಂಟೆ ಆಡುದ್ರೆ ಸಿಪಿಯು ಹೆಚ್ಚು ಅಂದ್ರೆ 84, ಜಿಪಿಯು 73. ಒಂಬತ್ತು ದಿನ ಆಯ್ತು ಒಂದ್ಸಲನೂ ಆಫ್ ಆಗಿಲ್ಲ. ಮದರ್‌ಬೋರ್ಡ್ ಗಟ್ಟಿಮುಟ್ಟಾಗೈತೆ. ಎಡಗಡೆ ಫ್ಯಾನ್ ಶುರು ಆಗೋವಾಗ ಮಾತ್ರ ಕಿರ್ರ್ ಅಂತ ಸಣ್ಣಗೆ ಸದ್ದು ಬತ್ತದೆ, ಅದೇನ್ ತೊಂದ್ರೆನಾ ಅಣ್ಣ?

ಬೆಂಚ್_ಮೇಲಿನ_ಬೋರ್ಡ್
ಬೇರಿಂಗ್ ಸವೆದಿದೆ ತಮ್ಮ, ಇಷ್ಟು ದಿನ ಆ ಬಿಸಿ ಧೂಳಲ್ಲಿ ಜೋರಾಗಿ ತಿರುಗಿ ತಿರುಗಿ ಸಾಕಾಗಿದೆ ಅದಕ್ಕೆ. ಈಗ್ಲೇ ನಿಲ್ಲಲ್ಲ, ನಿನ್ ಸಬ್ಮಿಷನ್ ಮುಗೀಲಿ. ಫ್ಯಾನ್ ಕೆಳಗೆ ಪಾರ್ಟ್ ನಂಬರ್ ಇರ್ತದೆ, ಅದರ ಫೋಟೋ ಕಳ್ಸು, ಅದೇ ಫ್ಯಾನ್ ಹುಡುಕಿ ಇಟ್ಟಿರ್ತೀನಿ. ಟೇಬಲ್ ಆ ಕಿಟಕಿ ಹತ್ರದಿಂದ ಎತ್ತಿದ್ಯಾ?

ಕಬ್ಬಿನಗದ್ದೆ_ಹುಡ್ಗ
ಎತ್ತಿದೆ ಅಣ್ಣ. ಆ ಕರೀ ತುಂಡು ಪೇಪರಲ್ಲಿ ಸುತ್ಕೊಂಡು ಬಂದು ಅಪ್ಪಂಗೆ ತೋರ್ಸ್ದೆ, ಅವತ್ತು ಸಂಜೇನೇ ಅಪ್ಪ ಟೇಬಲ್‌ನ ಎದುರ್ ಗೋಡೆಗೆ ಎಳ್ದು, ಕಿಟಕಿಗೆ ಸೊಳ್ಳೆ ಮೆಷ್ ಹೊಡ್ದವ್ರೆ. ರೆಂಡರ್ ಈಗ ಓಡ್ತಾ ಐತೆ, 61 ಪರ್ಸೆಂಟ್.