34 ಬಿಟ್ಟು 22 ಯಾಕೆ?

ತಮ್ಮ: [ಫೋಟೋ]
ಫಾರ್ವರ್ಡ್ ಆಗಿ ಬಂತು. ಸ್ಕ್ರ್ಯಾಬಲ್ (ಅಕ್ಷರದ ಬಿಲ್ಲೆಗಳಿಂದ ಬೋರ್ಡಿನ ಮೇಲೆ ಪದ ಕಟ್ಟುವ ಆಟ) ಟೂರ್ನಮೆಂಟ್‌ನ ಒಂದು ಆಟ, ಕೊನೆಯ ಹಂತ. ಇವಳು 52 ಅಂಕ ಮುಂದಿದ್ದಾಳೆ. ಕೈಯಲ್ಲಿ 34 ಅಂಕದ ಪದ ಇತ್ತು. ಅದನ್ನು ಬಿಟ್ಟು 22ರದ್ದು ಆಡಿದ್ದಾಳೆ. ಯಾರಾದರೂ ಹೀಗೆ ಆಡುತ್ತಾರಾ?

ಭಾವ: ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 12 ಅಂಕ ಸುಮ್ನೆ ಹೋಯಿತು.

ಅತ್ತಿಗೆ: ಟೈಮ್ ಮುಗಿಯುತ್ತಾ ಬಂದಿರಬೇಕು. ಒಬ್ಬರಿಗೆ 25 ನಿಮಿಷ, ಮೀರಿದರೆ ನಿಮಿಷಕ್ಕೆ 10 ಅಂಕ ಕಟ್.

ಅಕ್ಕ: ಟೈಮೂ ಅಲ್ಲ, ತಪ್ಪೂ ಅಲ್ಲ. ಅವಳು ಆಡಿದ್ದೇ ಸರಿ. ಬೋರ್ಡಿನ ಬಲಗಡೆ ಕೆಳಮೂಲೆ ನೋಡಿ. ಕೊನೆಯ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ ‘ಝೀಬ್ರಾ’ ಇದೆ. ಅದರ ‘ಎ’ ಕೆಳಗೆ ಒಂದೇ ಮನೆ ಖಾಲಿ. ಅದು ಮೂಲೆಯ ಮನೆ, ಟ್ರಿಪಲ್ ವರ್ಡ್, ಅಂದರೆ ಅಲ್ಲಿ ಬಿಲ್ಲೆ ಇಟ್ಟು ಮಾಡಿದ ಪದಕ್ಕೆ ಮೂರು ಪಟ್ಟು ಅಂಕ. ಕೆಳಗಿನ ಸಾಲಿನ ಬಲಭಾಗ ಪೂರ್ತಿ ಖಾಲಿ.

ತಮ್ಮ: ಖಾಲಿ ಇದ್ದರೆ ಇರಲಿ, ಏನೀಗ?

ಅಕ್ಕ: ಆ ಮೂಲೆಗೆ ‘ಎಸ್’ ಬಿದ್ದರೆ ‘ಝೀಬ್ರಾಸ್’. 17 ಅಂಕದ ಪದ, ಮೂರು ಪಟ್ಟು 51. ಇದು ಅಡ್ಡ ಸಾಲಿನ ಪದದ ಅಂಕ ಸೇರಿಸುವ ಮೊದಲಿನ ಲೆಕ್ಕ.

ಚಿಕ್ಕಪ್ಪ: ಎದುರಾಳಿ ಹತ್ತಿರ ‘ಎಸ್’ ಇದೆ ಅಂತ ಇವಳಿಗೆ ಹೇಗೆ ಗೊತ್ತು? ಇಣುಕಿ ನೋಡಿದಳಾ?

ಅಕ್ಕ: ಇಣುಕಬೇಕಿಲ್ಲ ಚಿಕ್ಕಪ್ಪ. ಒಟ್ಟು 100 ಬಿಲ್ಲೆ. ಯಾವ ಅಕ್ಷರ ಎಷ್ಟು ಅಂತ ಎಲ್ಲರಿಗೂ ಗೊತ್ತು: ‘ಇ’ 12, ‘ಎಸ್’ 4, ಖಾಲಿ ಬಿಲ್ಲೆ 2, ಹೀಗೆ. ಬೋರ್ಡಿನಲ್ಲಿರುವುದನ್ನೂ ತನ್ನ ಕೈಯಲ್ಲಿರುವುದನ್ನೂ ಕಳೆದರೆ ಉಳಿದದ್ದು ಎದುರಾಳಿಯ ಕೈಯಲ್ಲೋ ಚೀಲದಲ್ಲೋ ಇರಲೇಬೇಕು. ಟೂರ್ನಮೆಂಟಿನಲ್ಲಿ ಎಲ್ಲರೂ ಇದನ್ನು ಹಾಳೆಯ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಟ್ರ್ಯಾಕಿಂಗ್ ಅನ್ನುತ್ತಾರೆ. ಫೋಟೋದಲ್ಲಿ ಅವಳ ಹಾಳೆ ಕಾಣುತ್ತದೆ, ಝೂಮ್ ಮಾಡಿ. ಹೊಡೆದು ಹಾಕದೆ ಉಳಿದಿರುವುದು ಎಂಟು ಅಕ್ಷರ: ಎ, ಇ, ಐ, ಎನ್, ಆರ್, ಎಸ್, ಟಿ, ಯು. ಏಳು ಎದುರಾಳಿಯ ಹತ್ತಿರ, ಒಂದು ಚೀಲದಲ್ಲಿ.

ಭಾವ: ಎಲ್ಲಾ 1 ಅಂಕದ ಅಕ್ಷರಗಳು. ಇದಕ್ಕೆ ಯಾಕೆ ಇಷ್ಟು ಭಯ?

ಅಕ್ಕ: ಭಾವ, ಭಯಪಡಬೇಕಾದದ್ದು ಇವಕ್ಕೇ! ಬಿಡಿಯಾಗಿ ಬೆಲೆ ಇಲ್ಲ, ಆದರೆ ಒಂದಕ್ಕೊಂದು ಹೊಂದಿಕೊಂಡು ಏಳಕ್ಷರದ ಪದ ಆಗುವುದು ಇವೇ. ಏಳೂ ಬಿಲ್ಲೆ ಒಂದೇ ಸಲ ಇಟ್ಟರೆ 50 ಬೋನಸ್. ಚೀಲದಲ್ಲಿರುವ ಒಂದು ಯಾವುದು ಅಂತ ಊಹಿಸಿಕೊಂಡು ಹೋಗೋಣ. ಅದು ‘ಯು’ ಆದರೆ ಎದುರಾಳಿಗೆ ‘ರಿಟೇನ್ಸ್’ ಸಿಗುತ್ತದೆ. ‘ಎ’ ಆದರೆ ‘ಯುನೈಟರ್ಸ್’. ‘ಇ’ ಆದರೆ ‘ನ್ಯೂಟ್ರಿಯಾಸ್’. ‘ಐ’ ಆದರೆ ‘ನೇಚರ್ಸ್’. ‘ಆರ್’ ಆದರೆ ‘ಆಂಟೀಸ್’. ಎಲ್ಲವೂ ‘ಎಸ್’‌ನಲ್ಲೇ ಮುಗಿಯುತ್ತವೆ. ಅಂದರೆ ಆ ಮೂಲೆಗೆ ಸರಿಯಾಗಿ ಕೂರುತ್ತವೆ. ಎಂಟರಲ್ಲಿ ಕಡಿಮೆ ಅಂದರೂ ಐದು ಸಲ.

ಅತ್ತಿಗೆ: ನ್ಯೂಟ್ರಿಯಾಸ್ ಅಂದರೆ?

ಅಕ್ಕ: ನೀರಿನಲ್ಲಿರುವ ದೊಡ್ಡ ಇಲಿಯಂಥ ಪ್ರಾಣಿ, ಅತ್ತಿಗೆ. ಅರ್ಥ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತಾಡಲು ಬಾರದೆಯೇ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು.

ತಮ್ಮ: ಅದಿರಲಿ. ಆ ಸಾಲಿನಲ್ಲಿ ಎಷ್ಟು ಬರುತ್ತದೆ, ಅದನ್ನು ಹೇಳು.

ಅಕ್ಕ: ಏಳು ಅಕ್ಷರಕ್ಕೆ 7. ನಡುವೆ ಒಂದು ಡಬಲ್ ಲೆಟರ್ ಮನೆ ಇದೆ, ಅಲ್ಲಿನ ಅಕ್ಷರಕ್ಕೆ ಎರಡು ಪಟ್ಟು, 8 ಆಯಿತು. ಟ್ರಿಪಲ್‌ಗೆ 24. ಬೋನಸ್ 50. ಝೀಬ್ರಾಸ್ 51. ಒಟ್ಟು 125.
ಈಗ ನಿನ್ನ 34 ಆಡು. ಮುನ್ನಡೆ 86. ಅವನು 125 ಹೊಡೆಯುತ್ತಾನೆ. 39 ಅಂಕದಿಂದ ಸೋಲು. ಅಷ್ಟಕ್ಕೇ ನಿಲ್ಲುವುದಿಲ್ಲ. ಚೀಲ ಖಾಲಿ, ಅವನ ಕೈಯೂ ಖಾಲಿ. ಇವಳ ಹತ್ತಿರ ಉಳಿದ ಬಿಲ್ಲೆಗಳ ಎರಡು ಪಟ್ಟು ಅಂಕ ಅವನಿಗೇ.

ಚಿಕ್ಕಪ್ಪ: 125?! ಒಂದೇ ಪದಕ್ಕೆ?

ಅಕ್ಕ: ಹೌದು. ಈಗ ಅವಳು ಆಡಿದ್ದು ನೋಡಿ. ಮೊದಲೇ ಬೋರ್ಡಿನಲ್ಲಿದ್ದ ‘ಕೆ’ ಕೆಳಗೆ ಎನ್, ಇ, ಡಬ್ಲ್ಯೂ ಇಟ್ಟಳು. ಕೆ-ಎನ್-ಇ-ಡಬ್ಲ್ಯೂ. 11, ಡಬಲ್ ವರ್ಡ್‌ಗೆ 22. ‘ಡಬ್ಲ್ಯೂ’ ಬಂದು ಕೂತದ್ದು ಕೊನೆಯ ಸಾಲಿನ ಸರಿಯಾಗಿ ಮೇಲೆ. ಆ ಪದದ ಕೊನೆಗೆ ಯಾವ ಅಕ್ಷರ ಸೇರಿಸಿದರೂ ಪದ ಆಗುವುದಿಲ್ಲ. ಹಾಗಾಗಿ ಅದರ ಕೆಳಗಿನ ಮನೆಯಲ್ಲಿ ಯಾರೂ ಏನೂ ಇಡುವ ಹಾಗಿಲ್ಲ. ಮೂಲೆಯ ಕಡೆ ಉಳಿದದ್ದು ಮೂರೇ ಮನೆ. ನನಗೆ ಈ ಫೋಟೋದಲ್ಲಿ ತುಂಬಾ ಇಷ್ಟವಾದದ್ದು ಇದೇ. ‘ಝೀಬ್ರಾ’ ಹತ್ತಿರಕ್ಕೂ ಹೋಗದೆ ಅದರ ದಾರಿ ಕತ್ತರಿಸಿದ್ದಾಳೆ.

ತಮ್ಮ: ಆದರೆ ಮೂಲೆ ಇನ್ನೂ ತೆರೆದೇ ಇದೆಯಲ್ಲ. ‘ಐ-ಟಿ-ಎಸ್’ ಇಟ್ಟರೆ?

ಅಕ್ಕ: ಒಳ್ಳೆಯ ಪ್ರಶ್ನೆ. 9 ಮತ್ತು 51, 60 ಅಂಕ. ಆದರೆ ಇವಳು ಆಗಲೇ 74 ಮುಂದಿದ್ದಾಳೆ. 60 ಹೋದರೂ 14 ಮುಂದೆ, ಸರದಿಯೂ ಇವಳದೇ. ಅವನ ಹತ್ತಿರ 1 ಅಂಕದ ನಾಲ್ಕು ಬಿಲ್ಲೆ ಮಾತ್ರ ಉಳಿಯುತ್ತವೆ. ಚೀಲ ಖಾಲಿ, ಇನ್ನು 50 ಬೋನಸ್ ಮಾತೇ ಇಲ್ಲ. ಬೇರೆ ಕಡೆ ಏಳಕ್ಷರದ ಪದಕ್ಕೆ ಜಾಗ ಹುಡುಕಿದೆ, ಬೋರ್ಡ್ ಎಲ್ಲಾ ಕಡೆ ಬಿಗಿಯಾಗಿದೆ. ನಿನಗೆ ಕಂಡರೆ ಹೇಳು.

ತಮ್ಮ: ನನಗೂ ಕಾಣುತ್ತಿಲ್ಲ. ಆದರೂ ಎಂಟರಲ್ಲಿ ಮೂರು ಸಲ ಅವನಿಗೆ ಏನೂ ಸಿಗದೇ ಇರಬಹುದು. ಆಗ 34 ಆಡಿದವನೇ ಜಾಣ.

ಅಕ್ಕ: ಆಗ 22 ಆಡಿದರೂ ಗೆಲುವೇ. ಗೆಲ್ಲುವ ಆಟದಲ್ಲಿ ಇನ್ನೂ 12 ಜಾಸ್ತಿ ಬರಲಿ ಅಂತ ಸೋಲುವ ಐದು ದಾರಿ ತೆರೆದಿಡಬೇಕಾ? ಇನ್ನೊಂದು ವಿಷಯ. ಸ್ಕೋರ್ ಶೀಟ್ ಪ್ರಕಾರ ಹಿಂದಿನ ಸರದಿಯಲ್ಲಿ ಅವನು ಒಂದೇ ಬಿಲ್ಲೆ ಇಟ್ಟು 6 ಅಂಕ ತೆಗೆದುಕೊಂಡಿದ್ದಾನೆ. 52 ಹಿಂದಿರುವವನು 6 ಅಂಕಕ್ಕೆ ತೃಪ್ತಿಪಡುತ್ತಾನಾ? ಉಳಿದ ಆರನ್ನು ಜೋಪಾನ ಮಾಡಿ ಏಳನೆಯದಕ್ಕೆ ಕಾಯುತ್ತಿದ್ದ. ಇವಳು ಅದನ್ನೂ ಓದಿಕೊಂಡಿದ್ದಾಳೆ.

ಭಾವ: ಒಂದು ನಿಮಿಷ. ಟೂರ್ನಮೆಂಟಿನಲ್ಲಿ ಸ್ಪ್ರೆಡ್ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ಎಷ್ಟು ಅಂತರದಿಂದ ಗೆದ್ದೆವು ಅನ್ನುವುದು. 12 ಅಂಕಕ್ಕೂ ಬೆಲೆ ಇದೆ.

ಅಕ್ಕ: ಇದೆ, ಒಪ್ಪಿದೆ. ಆದರೆ ಮೊದಲು ನೋಡುವುದು ಎಷ್ಟು ಆಟ ಗೆದ್ದಿದ್ದಾರೆ ಅಂತ. ಗೆಲುವು ಸಮ ಆದಾಗ ಮಾತ್ರ ಸ್ಪ್ರೆಡ್. ಗೆಲುವನ್ನೇ ಪಣಕ್ಕಿಟ್ಟು ಸ್ಪ್ರೆಡ್ ಹಿಂದೆ ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.

ಭಾವ: ಕೊನೆಯ ಸುತ್ತಾಗಿದ್ದು, ಕಪ್ ಗೆಲ್ಲಲು 80 ಅಂಕದ ಅಂತರ ಬೇಕೇ ಬೇಕು ಅಂತಿದ್ದರೆ?

ಅಕ್ಕ: ಹಾಗಿದ್ದರೆ 34 ಆಡಬೇಕು, ಅನುಮಾನವೇ ಇಲ್ಲ. ತಮ್ಮಾ, ಇದು ಎಷ್ಟನೇ ಸುತ್ತು ಅಂತ ಕಳಿಸಿದವರನ್ನು ಕೇಳು.

ತಮ್ಮ: ಕೇಳಿದೆ. ಮೂರನೇ ಸುತ್ತಂತೆ.

ಚಿಕ್ಕಪ್ಪ: ಹಾಗಾದರೆ 22.

ಭಾವ: ಮೂರನೇ ಸುತ್ತಾದರೆ ಸರಿ, 22. ಕೊನೆಯ ಸುತ್ತಿನ ಬೋರ್ಡ್ ಸಿಕ್ಕಿದರೆ ಅದನ್ನೂ ಹಾಕಿ, ನೋಡೋಣ.