ತಮ್ಮ ಹುಟ್ಟಿದ ಮೇಲೆ ದೊಡ್ಡವಳು ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. ಬಾಣಂತನ ಅರ್ಧಕ್ಕೇ ಬಿಟ್ಟು ಮೈಸೂರಿಗೆ ಹೋಗಿಬಿಡಲಾ?

ಪುಟ್ಟಿಯ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ. ರಾತ್ರಿ ಎರಡು ಗಂಟೆ. ಮಗುವಿಗೆ ಹಾಲು ಕೊಟ್ಟು ಮಲಗಿಸಿದೆ, ನನಗೆ ನಿದ್ದೆ ಬರುತ್ತಿಲ್ಲ.

ನಮ್ಮ ಮನೆ ಮೈಸೂರಿನ ಕುವೆಂಪುನಗರ, ತವರು ಮಂಡ್ಯ. ಎರಡನೆಯದು ಗಂಡುಮಗು, ಈಗ 7 ವಾರ, ಸಿಸೇರಿಯನ್. ಮೊದಲನೆಯವಳು ಪುಟ್ಟಿ, 4 ವರ್ಷ, ಎಲ್‌ಕೆಜಿ. ಬಾಣಂತನಕ್ಕೆ ಅಮ್ಮನ ಮನೆಗೆ ಬಂದಾಗ ಪುಟ್ಟಿಗೆ ಸ್ಕೂಲ್ ತಪ್ಪಬಾರದು ಅಂತ ಅವಳನ್ನು ಅವರಪ್ಪ ಮತ್ತು ನಮ್ಮತ್ತೆ ಜೊತೆ ಮೈಸೂರಲ್ಲೇ ಬಿಟ್ಟೆವು. ಶನಿವಾರ ಮಧ್ಯಾಹ್ನ ಅಪ್ಪ ಮಗಳು ರೈಲಲ್ಲಿ ಬರುತ್ತಾರೆ, ಭಾನುವಾರ ಸಂಜೆ ವಾಪಸ್. 45 ಕಿಲೋಮೀಟರ್ ತಾನೇ, ಏನು ಮಹಾ ಅಂದುಕೊಂಡಿದ್ದೆವು.

ಮೊದಲ ಎರಡು ವಾರ ಚೆನ್ನಾಗಿಯೇ ಇದ್ದಳು. ಪಾಪು ಪಾಪು ಅಂತ ತೊಟ್ಟಿಲ ಹತ್ತಿರದಿಂದ ಏಳುತ್ತಲೇ ಇರಲಿಲ್ಲ. ಆಮೇಲೆ ಶುರುವಾಯಿತು. ಎರಡೂವರೆ ವರ್ಷಕ್ಕೇ ರಾತ್ರಿ ಡೈಪರ್ ಬಿಟ್ಟ ಮಗು, ಈಗ ವಾರಕ್ಕೆ ಮೂರು ನಾಲ್ಕು ಸಲ ಹಾಸಿಗೆ ಒದ್ದೆ ಮಾಡುತ್ತಾಳೆ. ಅತ್ತೆ ಪಾಪ, ಈ ವಯಸ್ಸಿನಲ್ಲಿ ದಿನಾ ಬೆಡ್‌ಶೀಟ್ ಒಗೆಯುವ ಹಾಗಾಗಿದೆ. ಊಟ ಬೇರೆಯವರೇ ತಿನ್ನಿಸಬೇಕು. ಮಾತು ತೊದಲು ಮಾಡಿಕೊಂಡಿದ್ದಾಳೆ. ಹೋದ ಶನಿವಾರ "ಅಮ್ಮಾ, ಪಾಪುನ ಆಸ್ಪತ್ರೆಗೇ ವಾಪಸ್ ಕೊಟ್ಬಿಡೋಣ, ನೀನು ಮನೆಗೆ ಬಾ" ಅಂದಳು. ನೋಡಲು ಬಂದಿದ್ದ ನೆಂಟರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಮಾರನೇ ದಿನ ನಾನು ಆ ಕಡೆ ತಿರುಗಿ ಎಣ್ಣೆ ಬಟ್ಟಲು ತೆಗೆದುಕೊಳ್ಳುವಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಮೀನಖಂಡದ ಮೇಲೆ ಎರಡು ಉಗುರಿನ ಗುರುತು, ಕೆಂಪಗೆ. ಇವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಿದ್ದಾಳೆ. ನಾನು ಹೊಡೆದುಬಿಟ್ಟೆ. ಜೋರಾಗಿ. ಇವತ್ತಿನ ತನಕ ಅವಳ ಮೇಲೆ ಕೈ ಮಾಡಿದವಳಲ್ಲ ನಾನು. ಅಳಲೂ ಇಲ್ಲ ಅವಳು, ಸುಮ್ನೆ ರೂಮಿಗೆ ಹೋದಳು. ಹತ್ತು ನಿಮಿಷ ಬಿಟ್ಟು ನೋಡಿದರೆ ಪಾಪುವಿನ ಕುಲಾವಿಯನ್ನು ತನ್ನ ತಲೆಗೆ ಎಳೆದು ಹಾಕಿಕೊಂಡು, ಕಾಲು ಮಡಚಿ, ಬೆರಳು ಚೀಪುತ್ತಾ ಮಲಗಿದ್ದಳು. ಆ ಕುಲಾವಿ ಅವಳ ನೆತ್ತಿ ಕೂಡ ಮುಚ್ಚುವುದಿಲ್ಲ. ಅದು ಕಣ್ಣ ಮುಂದಿಂದ ಹೋಗುತ್ತಿಲ್ಲ.

ಈಗ ನಾನೇನು ಮಾಡಲಿ? ಅಮ್ಮ ಕನಿಷ್ಠ ಮೂರು ತಿಂಗಳು ತುಂಬಲಿ ಅನ್ನುತ್ತಾರೆ. ಅತ್ತೆ ಏನೂ ಹೇಳುವುದಿಲ್ಲ. ಇವರು ನಿನ್ನಿಷ್ಟ ಅನ್ನುತ್ತಾರೆ. ಮೈಸೂರಿಗೆ ಹೋಗಿಬಿಡಲಾ, ಪುಟ್ಟಿಯನ್ನೇ ಸ್ಕೂಲ್ ಬಿಡಿಸಿ ಇಲ್ಲಿಗೆ ಕರೆಸಿಕೊಳ್ಳಲಾ, ಇಲ್ಲಾ ಇದೆಲ್ಲ ತಾನೇ ಸರಿಹೋಗುತ್ತಾ? ಅನುಭವ ಇದ್ದವರು ಹೇಳಿ.

ಸರಸ್ವತಿಪುರಂ ಅಕ್ಕ:

ಪುಟ್ಟಿ ಅಮ್ಮ, ಮೊದಲು ಒಂದು ಲೋಟ ಬಿಸಿನೀರು ಕುಡಿದು ಮಲಗಿ. ಬೆಳಿಗ್ಗೆ ಓದಿ ಇದನ್ನು.

ನನಗೂ ಎರಡು ಮಕ್ಕಳು, ಮೂರೂವರೆ ವರ್ಷದ ಅಂತರ. ನನ್ನ ಮಗನೂ ಹೀಗೇ ಮಾಡಿದ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಅವಳ ತೊಂದರೆ ತಮ್ಮ ಅಲ್ಲ. ಅಮ್ಮ ಜೊತೆಗಿಲ್ಲದಿರುವುದು. ಅವಳ ಕಡೆಯಿಂದ ಯೋಚನೆ ಮಾಡಿ. ಅಮ್ಮ ಒಂದು ದಿನ ಆಸ್ಪತ್ರೆಗೆ ಹೋದಳು, ಅಲ್ಲಿಂದ ಮನೆಗೆ ವಾಪಸ್ ಬರಲೇ ಇಲ್ಲ, ಬೇರೆ ಊರಲ್ಲಿ ಒಂದು ಪಾಪು ಇಟ್ಟುಕೊಂಡು ಇದ್ದಾಳೆ, ನಾನು ಮಾತ್ರ ಭಾನುವಾರ ಹೊರಡಬೇಕು. ನಾಲ್ಕು ವರ್ಷದ ಮಗುವಿಗೆ ಇದು ತುಂಬಾ ದೊಡ್ಡದು. ಅವಳು ಪಾಪುವನ್ನು ವಾಪಸ್ ಕೊಡೋಣ ಅಂದಳು ನಿಜ, ಆದರೆ ಅದರ ಜೊತೆಗೇ "ನೀನು ಮನೆಗೆ ಬಾ" ಅಂದಿದ್ದಾಳಲ್ಲ, ಅದೇ ಅವಳಿಗೆ ಬೇಕಾಗಿರುವುದು.

ಎಲ್‌ಕೆಜಿ ಒಂದು ತಿಂಗಳು ತಪ್ಪಿದರೆ ಏನೂ ಆಗುವುದಿಲ್ಲ. ಟೀಚರ್ ಹತ್ತಿರ ಹೋಗಿ ವಿಷಯ ಹೇಳಿ, ನಾಳೆಯೇ ಕರೆಸಿಕೊಳ್ಳಿ. ಇಲ್ಲ, ನೀವೇ ಹೋಗುವುದಾದರೆ ಅದೂ ಸರಿ. ಒಟ್ಟಿನಲ್ಲಿ ರಾತ್ರಿ ಅವಳು ನೀವಿರುವ ಮನೆಯಲ್ಲಿ ಮಲಗಬೇಕು.

ಹಾಸಿಗೆ ವಿಷಯಕ್ಕೆ ಬೈಯಲೇಬೇಡಿ. "ಛೀ, ಇಷ್ಟು ದೊಡ್ಡವಳಾಗಿ" ಅನ್ನುವ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು, ಫೋನಲ್ಲಿ ನೆಂಟರಿಗೆ ಹೇಳುವಾಗ ಕೂಡ. ಮಕ್ಕಳು ಎಲ್ಲಾ ಕೇಳಿಸಿಕೊಳ್ಳುತ್ತಾರೆ. ಮಗುವಿಗೆ ಹಾಕುವ ರಬ್ಬರ್ ಶೀಟೇ ದೊಡ್ಡ ಅಳತೆಯದು ಸಿಗುತ್ತದೆ, ಬೆಡ್‌ಶೀಟ್ ಕೆಳಗೆ ಹಾಸಿ. ಮಲಗುವ ಮುಂಚೆ ಒಂದು ಸಲ ಸುಸ್ಸು ಮಾಡಿಸಿ. ಬೆಳಿಗ್ಗೆ ಒದ್ದೆಯಾಗಿದ್ದರೆ ಬಟ್ಟೆ ಬದಲಾಯಿಸಿ, ಅಷ್ಟೇ. ನನ್ನ ಮಗ ಎರಡು ತಿಂಗಳಲ್ಲಿ ತಾನಾಗಿಯೇ ನಿಲ್ಲಿಸಿದ.

ಇನ್ನೊಂದು. ನೀವು ಹೊಡೆದಿರಿ ಅಂತ ನಿಮ್ಮನ್ನೇ ನೀವು ತಿನ್ನಬೇಡಿ. ಆದರೆ ಅವಳ ಹತ್ತಿರ ಕೂತು ತಪ್ಪಾಯ್ತು ಕಂದ ಅಂತ ಹೇಳಿ. ನಾನು ಹೇಳಿದ್ದೆ. ಅವನು "ಪಾಪುಗೆ ನೋವಾಯ್ತಾ?" ಅಂತ ಆಗ ಮೊದಲ ಸಲ ಕೇಳಿದ.

ಗುತ್ತಲು ಅಜ್ಜಿ:

ಮಗಳೇ, ನಾನು ಮಂಡ್ಯದವಳೇ. ಮೊಮ್ಮಗನ ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಮೂವರು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ.

ನಿಮ್ಮಮ್ಮ ಹೇಳುವುದರಲ್ಲಿ ತಪ್ಪಿಲ್ಲ ಕಣವ್ವ. ಹೊಟ್ಟೆ ಕುಯ್ದಿರುವ ಮೈ. ಮೈಸೂರಿಗೆ ಹೋದರೆ ಅತ್ತೆ ಒಬ್ಬರೇ, ನೀನು ಸುಮ್ನೆ ಕೂರುವುದಿಲ್ಲ, ನೀರು ಎತ್ತುತ್ತೀಯ, ಬಗ್ಗುತ್ತೀಯ. ಮೂರು ತಿಂಗಳು ಇದ್ದೇ ಹೋಗು. ಆದರೆ ಕೂಸನ್ನು ಅಲ್ಲಿ ಬಿಟ್ಟಿದ್ದು ಸರಿಯಿಲ್ಲ. ನಮ್ಮ ಕಾಲದಲ್ಲಿ ದೊಡ್ಡ ಕೂಸನ್ನೂ ಕಂಕುಳಲ್ಲಿ ಹಾಕಿಕೊಂಡೇ ತವರಿಗೆ ಬರುತ್ತಿದ್ದೆವು. ಅಜ್ಜಿ ಮನೆಯಲ್ಲಿ ಅದಕ್ಕೂ ಆಟ ಇರುತ್ತಿತ್ತು. ಈಗ ಮೂರು ವರ್ಷಕ್ಕೇ ಸ್ಕೂಲ್ ಅಂತೀರಿ.

ಮತ್ತೆ ಮಗು ನೋಡೋಕೆ ಬರುವವರ ಬಾಯಿಗೆ ಬೀಗ ಹಾಕು. ಬಂದವರೆಲ್ಲ ದೊಡ್ಡ ಕೂಸನ್ನು ಹಿಡಿದು "ಇನ್ನು ನಿನ್ನ ಯಾರೂ ಮಾತಾಡ್ಸಲ್ಲ ಬುಡು, ತಮ್ಮ ಬಂದ", "ಪಾಪುನ ನಾವು ಎತ್ಕೊಂಡ್ ಹೋಗ್ತೀವಿ" ಅಂತ ರೇಗಿಸುತ್ತಾರೆ. ಅವರಿಗೆ ತಮಾಷೆ. ಕೂಸು ಅದನ್ನು ನಿಜ ಅಂತ ನಂಬುತ್ತದೆ. ನಮ್ಮ ಮನೆಯಲ್ಲಿ ಯಾರಾದರೂ ಹೀಗಂದರೆ ನಾನು ಮುಖ ನೋಡದೆ ಗದರುತ್ತಿದ್ದೆ. ಬಂದವರು ಮೊದಲು ದೊಡ್ಡದನ್ನು ಮಾತಾಡಿಸಬೇಕು, ಆಮೇಲೆ ಅದೇ ಕೈ ಹಿಡಿದು ತಮ್ಮನನ್ನು ತೋರಿಸಲಿ. ಸಣ್ಣದಕ್ಕೆ ಏನು ಗೊತ್ತಾಗುತ್ತದೆ ಈಗ, ಹಾಲು ನಿದ್ದೆ ಅಷ್ಟೇ.

ಮಗುವಿಗೆ ನೀರು ಹಾಕುವಾಗ ಅವಳಿಗೂ ಅದೇ ಬಿಸಿನೀರಲ್ಲಿ ಎಣ್ಣೆ ಹಚ್ಚಿ ಹಾಕಿ. ಅವಳ ನೆತ್ತಿಯನ್ನೂ ತಟ್ಟಿ, ಕೈ ಕಾಲು ನೀವಿ. ದೃಷ್ಟಿ ತೆಗೆಯುವಾಗ ಇಬ್ಬರನ್ನೂ ಕೂರಿಸಿ ತೆಗೆಯಿರಿ. ಸಬ್ಬಸಿಗೆ ಸೊಪ್ಪಿನ ಸಾರಿಗೆ ಬಿಸಿ ಅನ್ನ ಕಲಸಿ ನಿನ್ನ ತಟ್ಟೆಯಿಂದಲೇ ಅವಳಿಗೂ ಎರಡು ತುತ್ತು ಕೊಡು. ತೊದಲು ಮಾತಾಡಿದರೆ ಆಡಲಿ ಬಿಡು.

ಇಬ್ಬರು ಹುಡುಗರ ಅಪ್ಪ, ವಿಜಯನಗರ:

ಗಂಡಸರ ಕಡೆಯಿಂದ ಒಂದು ಮಾತು. ನಿಮ್ಮವರು "ನಿನ್ನಿಷ್ಟ" ಅಂದದ್ದು ಓದಿ ಬರೆಯಬೇಕು ಅನ್ನಿಸಿತು. ನಾನೂ ಹಾಗೇ ಹೇಳಿದವನು. ಹಾಗೆ ಹೇಳಿದರೆ ತೀರ್ಮಾನದ ಭಾರ ಪೂರ್ತಿ ಬಾಣಂತಿ ಮೇಲೆ ಬೀಳುತ್ತದೆ ಅಂತ ನನಗೆ ತಡವಾಗಿ ಅರ್ಥವಾಯಿತು. ಅವರಿಗೆ ಈ ಪೋಸ್ಟ್ ಓದಿಸಿ.

ಶನಿವಾರ ಬಂದಾಗ ಸಣ್ಣವನನ್ನು ಅವರು ಎತ್ತಿಕೊಳ್ಳಲಿ. ಹಾಲು ಕೊಟ್ಟ ಮೇಲೆ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸುವುದು, ಬಟ್ಟೆ ಬದಲಾಯಿಸುವುದು, ಜೋಲಿ ತೂಗುವುದು ಎಲ್ಲ ಅಪ್ಪನ ಕೈಲಿ ಆಗುವ ಕೆಲಸವೇ. ಆ ಹೊತ್ತಿನಲ್ಲಿ ನೀವು ಪುಟ್ಟಿ ಜೊತೆ ಇರಿ. ಬಾಗಿಲು ಹಾಕಿಕೊಂಡು ಅರ್ಧ ಗಂಟೆ, ಇಬ್ಬರೇ. ನಮ್ಮ ಮನೆಯಲ್ಲಿ ನಾವು ತಲೆಕೆಳಗು ಮಾಡಿದ್ದೆವು. ದೊಡ್ಡವನನ್ನು ನಾನು ಭಾನುವಾರ ಝೂಗೆ, ಕಾರಂಜಿ ಕೆರೆಗೆ ಸುತ್ತಿಸಿಕೊಂಡು ಬರುತ್ತಿದ್ದೆ. ಅವನಿಗೆ ಜಿರಾಫೆ ನೋಡಿ ಖುಷಿಯೇ, ಆದರೆ ಮನೆಗೆ ಬಂದ ತಕ್ಷಣ ಮತ್ತೆ ಅದೇ ಗಲಾಟೆ. ಅವನಿಗೆ ಬೇಕಾಗಿದ್ದು ಅಮ್ಮ.

ಭಾನುವಾರ ಹೊರಡುವಾಗ ನಿದ್ದೆಯಲ್ಲಿರುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುವುದು, ಸುಳ್ಳು ಹೇಳಿ ಸ್ಟೇಷನ್ನಿಗೆ ಕರೆದುಕೊಂಡು ಹೋಗುವುದು ಮಾಡಬೇಡಿ. ಅತ್ತರೂ ಪರವಾಗಿಲ್ಲ, ಹೇಳಿಯೇ ಹೊರಡಿ. ಒಂದು ಸಲ ಹಾಗೆ ಮಾಡಿದ್ದಕ್ಕೆ ನಮ್ಮವನು ಆಮೇಲೆ ಒಂದು ತಿಂಗಳು ಮಧ್ಯಾಹ್ನ ಮಲಗಲು ಹೆದರುತ್ತಿದ್ದ.

ಸ್ಟಾಫ್ ನರ್ಸ್, ಮಂಡ್ಯ:

ಮೇಲಿನವರು ಮನಸ್ಸಿನ ವಿಷಯ ಚೆನ್ನಾಗಿ ಹೇಳಿದ್ದಾರೆ, ನಾನು ಆರೋಗ್ಯದ್ದು ಸ್ವಲ್ಪ ಸೇರಿಸುತ್ತೇನೆ.

5 ವರ್ಷದೊಳಗಿನ ಮಕ್ಕಳು ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಡಾಕ್ಟರುಗಳು ಕಾಯಿಲೆ ಎಂದು ಎಣಿಸುವುದಿಲ್ಲ. ಆದರೆ ನಿಂತು ಮತ್ತೆ ಶುರುವಾಗಿದೆ ಅಂದಿರಿ, ಹಾಗಾಗಿ ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಿ. ಉರಿ, ಜ್ವರ, ಹೊಟ್ಟೆನೋವು, ಹಗಲಲ್ಲೂ ಪದೇಪದೇ ಹೋಗುವುದು, ವಿಪರೀತ ಬಾಯಾರಿಕೆ ಇದ್ದರಂತೂ ತಡ ಮಾಡಬೇಡಿ. ಮಲಬದ್ಧತೆ ಇದ್ದರೂ ಹೀಗಾಗುತ್ತದೆ. ಒದ್ದೆ ಮಾಡುತ್ತಾಳೆ ಅಂತ ಹಗಲು ನೀರು ಕಡಿಮೆ ಕೊಡಬೇಡಿ.

ಮಗುವಿನ ಇಂಜೆಕ್ಷನ್ನಿಗಾಗಿ ಮಂಡ್ಯದಲ್ಲೇ ಇರಬೇಕು ಅಂತ ಏನಿಲ್ಲ. 6 ವಾರದ್ದು ಆಗಿರಬೇಕಲ್ವಾ? ಇನ್ನು 10 ಮತ್ತು 14 ವಾರಕ್ಕೆ. ತಾಯಿ ಕಾರ್ಡ್ ತೆಗೆದುಕೊಂಡು ಹೋದರೆ ಮೈಸೂರಿನ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಹಾಕುತ್ತಾರೆ, ದುಡ್ಡಿಲ್ಲ.

ಅವಳು ಎಷ್ಟೇ ಜಾಣೆಯಾದರೂ ಇಬ್ಬರನ್ನೇ ರೂಮಲ್ಲಿ ಬಿಡಬೇಡಿ. ಚಿವುಟುವುದಕ್ಕಿಂತ ನನಗೆ ಜಾಸ್ತಿ ಭಯ ಪ್ರೀತಿಯಿಂದ ಮಾಡುವ ಕೆಲಸದ್ದು. ತಮ್ಮನಿಗೂ ಬಿಸ್ಕತ್ ಅಂತ ಬಾಯಿಗೆ ಚೂರು ಇಡುತ್ತಾರೆ, ಚಳಿ ಅಂತ ಮುಖದ ಮೇಲೆ ಹೊದಿಕೆ ಎಳೆಯುತ್ತಾರೆ. 6 ತಿಂಗಳವರೆಗೆ ಎದೆಹಾಲು ಮಾತ್ರ, ನೀರು ಕೂಡ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ. ಇದನ್ನು ಪುಟ್ಟಿಗೇ ಹೇಳಿಕೊಡಿ, ಆಮೇಲೆ ಅಜ್ಜಿಯರನ್ನು ಕಾಯುವವಳು ಅವಳೇ ಆಗುತ್ತಾಳೆ. ಎತ್ತಿಕೊಳ್ಳಬೇಕು ಅಂದರೆ ಚಾಪೆ ಮೇಲೆ ಕೂರಿಸಿ, ತೊಡೆ ಮೇಲೆ ದಿಂಬಿಟ್ಟು, ನಿಮ್ಮ ಕೈ ಕೆಳಗಿಟ್ಟುಕೊಂಡು ಕೊಡಿ. ನಿಂತು ಎತ್ತಿಕೊಳ್ಳುವುದು ಬೇಡ.

ಸ್ಕೂಲಿಂದ ನೆಗಡಿ ಕೆಮ್ಮು ತರುತ್ತಾರೆ. ಬಂದ ತಕ್ಷಣ ಸೋಪ್ ಹಾಕಿ ಕೈ ತೊಳೆಸಿ, ಬಟ್ಟೆ ಬದಲಾಯಿಸಿ. ಮುತ್ತು ಪಾದಕ್ಕೆ ಕೊಡಲಿ, ಮುಖಕ್ಕೆ ಬೇಡ. 3 ತಿಂಗಳೊಳಗಿನ ಮಗುವಿಗೆ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿ ಎಷ್ಟೊತ್ತಾದರೂ ಸರಿ, ಸಿರಪ್ ಕೊಟ್ಟು ಕಾಯದೆ ಆಸ್ಪತ್ರೆಗೆ ಹೋಗಿ.

ಪುಟ್ಟಿಯ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕೈ ಬಿಡುವಾಗಲಿಲ್ಲ.

ಇವರಿಗೆ ಓದಿಸಿದೆ. ಮಾರನೇ ದಿನವೇ ರಜ ಹಾಕಿ, ಸ್ಕೂಲಲ್ಲಿ ಮಾತಾಡಿ ಪುಟ್ಟಿಯನ್ನು ಕರೆತಂದರು. ಅತ್ತೆಯೂ ಜೊತೆಗೇ ಬಂದರು. ಅಮ್ಮನ ಮನೆಯಲ್ಲಿ ಈಗ ಜಾಗ ಸ್ವಲ್ಪ ಇಕ್ಕಟ್ಟು, ಆದರೆ ಇಬ್ಬರು ಅಜ್ಜಿಯರೂ ಹೊಂದಿಕೊಂಡಿದ್ದಾರೆ. ಮೂರು ತಿಂಗಳು ತುಂಬಿದ ಮೇಲೆ ಎಲ್ಲರೂ ಒಟ್ಟಿಗೆ ಮೈಸೂರಿಗೆ. ಮೂತ್ರ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲ.

ತಪ್ಪಾಯ್ತು ಅಂತ ಹೇಳಿದೆ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದಳು, ಆಮೇಲೆ ನನ್ನ ಕೈ ತೆಗೆದು ತನ್ನ ಬೆನ್ನ ಮೇಲೆ ಇಟ್ಟುಕೊಂಡಳು, ತಟ್ಟು ಅಂತ. ಗುತ್ತಲು ಅಜ್ಜಿ, ನೀವು ಹೇಳಿದ ಹಾಗೆ ಅವಳಿಗೂ ಎಣ್ಣೆ ನೀರು ನಡೆಯುತ್ತಿದೆ. ಸ್ನಾನ ಆದ ಮೇಲೆ ತಾನೂ ಟವೆಲ್ಲಿನಲ್ಲಿ ಸುತ್ತಿಸಿಕೊಂಡು ತಮ್ಮನ ಪಕ್ಕ ಮಲಗುತ್ತಾಳೆ. ಇನ್ನೂ ಪೂರ್ತಿ ಸರಿಹೋಗಿಲ್ಲ. ಮೊನ್ನೆ ನಾನು ಹಾಲು ಕೊಡುವಾಗ ಬಂದು ಅವನ ಕಾಲು ಎಳೆದಳು. ಗದರದೆ ಪಕ್ಕಕ್ಕೆ ಕರೆದು ಕೂರಿಸಿಕೊಂಡೆ, ಇನ್ನೊಂದು ಕೈ ಖಾಲಿ ಇತ್ತಲ್ಲ.

ನಿನ್ನೆ ರಾತ್ರಿ ಮತ್ತೆ ಹಾಸಿಗೆ ಒದ್ದೆಯಾಗಿತ್ತು. ನಾನು ಏನೂ ಹೇಳಲಿಲ್ಲ. ಇಬ್ಬರೂ ಸೇರಿ ಬೆಡ್‌ಶೀಟನ್ನು ಬಕೆಟಿಗೆ ಹಾಕಿದೆವು, ಅವಳೇ ಸೋಪಿನ ಪುಡಿ ಹಾಕಿದಳು, ಪಕ್ಕದಲ್ಲಿದ್ದ ಪಾಪುವಿನ ಲಂಗೋಟಿಗಳನ್ನೂ ಎತ್ತಿ ಅದೇ ಬಕೆಟಿಗೆ ಹಾಕಿ "ಇವನೂ ಮಾಡಿದಾನೆ ನೋಡಮ್ಮ" ಅಂದಳು.